‘ಎಷ್ಟು ದಿನ ಬೇಕು?’: ಟೆಸ್ಟಿಂಗ್ ಅಂದಾಜು ಕಲಿಸಿದ ಇತಿಹಾಸ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು. ಐಟಿಯಲ್ಲಿ ಕೆಲಸ ಮಾಡೋರೆಲ್ಲ ವಾರಕ್ಕೆ ಒಂದು ಸಲವಾದ್ರೂ ಕೇಳಿಸಿಕೊಳ್ಳುವ ಪ್ರಶ್ನೆ ಅದು: ‘ಎಷ್ಟು ದಿನ ಬೇಕು?’

ನನಗೆ ಈ ಪ್ರಶ್ನೆ ಮೊದಲು ಎದುರಾಗಿದ್ದು ಬಿ.ಕಾಂ. ಮುಗಿಸಿ, ಒಂದು ಟೆಸ್ಟಿಂಗ್ ಕೋರ್ಸ್ ಮಾಡಿ, ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಮ್ಯಾನುಯಲ್ ಟೆಸ್ಟರ್ ಆಗಿ ಸೇರಿದಾಗ. ನಮ್ಮದು ಸಂಬಳದ ಲೆಕ್ಕ ಹಾಕುವ ಸಾಫ್ಟ್‌ವೇರ್. ರಜೆಗೆ ಸಂಬಳ ಕಡಿತ ಮಾಡುವ ನಿಯಮ ಸ್ವಲ್ಪ ಬದಲಾಗಿತ್ತು, ಅಷ್ಟೇ. ಮ್ಯಾನೇಜರ್ ನನ್ನ ಡೆಸ್ಕ್ ಹತ್ತಿರ ಬಂದು, “ಏನಪ್ಪಾ, ಟೆಸ್ಟಿಂಗ್‌ಗೆ ಎಷ್ಟು ದಿನ ಬೇಕು?” ಅಂದರು. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. 40 ಟೆಸ್ಟ್ ಕೇಸ್, ಒಂದಕ್ಕೆ 15 ನಿಮಿಷ, ಒಟ್ಟು 10 ಗಂಟೆ. ಇರಲಿ ಅಂತ ಒಂದಿಷ್ಟು ಸೇರಿಸಿ, “ಮೂರು ದಿನ ಸಾಕು ಸರ್” ಅಂದೆ.

ಆಗಿದ್ದೇನು? ಟೆಸ್ಟ್ ಸರ್ವರ್ ಸಿದ್ಧವಿರಲಿಲ್ಲ, ಡೇಟಾ ಇರಲಿಲ್ಲ, ಕಾಯುವುದರಲ್ಲೇ 2 ದಿನ ಹೋಯ್ತು. ಮೊದಲ ಸುತ್ತು ನೋಡೋಕೆ 2 ದಿನ. ಸಿಕ್ಕ ಬಗ್‌ಗಳನ್ನು ಬರೆದು, ಡೆವಲಪರ್ ಜೊತೆ ‘ಇದು ಬಗ್ಗಾ ಅಲ್ವಾ’ ಅಂತ ವಾದ ಮಾಡೋಕೆ 1 ದಿನ. ಅಷ್ಟರಲ್ಲಿ ಸಂಬಳದ ದಿನ ಬಂತು. ಸರಿಪಡಿಸಿದ್ದನ್ನು ಮತ್ತೆ ನೋಡದೆಯೇ ರಿಲೀಸ್ ಮಾಡಿದೆವು.

ಮರುದಿನ ಸಪೋರ್ಟ್ ಟೀಮ್‌ಗೆ ಒಂದು ಫೋನ್ ಬಂತು. ಸೆಕ್ಯುರಿಟಿ ಗಾರ್ಡ್ ಒಬ್ಬರು. “ಸಾರ್, ನಾನು ಹಾಕಿದ್ದು ಅರ್ಧ ದಿನದ ರಜೆ, ಪೂರ್ತಿ ದಿನದ್ದು ಹಿಡ್ಕೊಂಡಿದ್ದೀರಿ. ನಾಳೆ ಬಾಡಿಗೆ ಕೊಡಬೇಕು.” ಅವರೊಬ್ಬರದ್ದೇ ಅಲ್ಲ, ಅರ್ಧ ದಿನದ ರಜೆ ಹಾಕಿದ ಎಲ್ಲರಿಗೂ ಹಾಗೇ ಆಗಿತ್ತು. ಆಮೇಲೆ ಕಾಯುವುದು, ಮರುಪರೀಕ್ಷೆ, ಕೊನೆಯ ಸುತ್ತು ಎಲ್ಲ ಸೇರಿ ಇನ್ನೂ 6 ದಿನ ಹಿಡಿಯಿತು. ನಾನು ಹೇಳಿದ್ದು 3 ದಿನ, ಹಿಡಿದಿದ್ದು 11 ದಿನ.

ನಾನು ದಡ್ಡ ಅಂದುಕೊಂಡೆ. ಆದ್ರೆ ಇತಿಹಾಸ ಓದಿದ ಮೇಲೆ ಸ್ವಲ್ಪ ಸಮಾಧಾನ ಆಯ್ತು. ಇದೇ ತಪ್ಪನ್ನು ಜಗತ್ತಿನ ಅತಿ ದೊಡ್ಡ ಕಂಪ್ಯೂಟರ್ ಕಂಪನಿಯೂ ಮಾಡಿತ್ತು, ನನಗಿಂತ ಅರ್ಧ ಶತಮಾನ ಮೊದಲೇ.

ಐಬಿಎಂನ ಲೆಕ್ಕ ತಪ್ಪಿದ್ದು

1964ರ ಏಪ್ರಿಲ್ 7. ಅಮೆರಿಕದ ಐಬಿಎಂ ಕಂಪನಿ ‘ಸಿಸ್ಟಮ್/360’ ಎಂಬ ಕಂಪ್ಯೂಟರ್ ಸರಣಿಯನ್ನು ಘೋಷಿಸಿತು. ಅಲ್ಲಿಯವರೆಗೆ ಒಂದು ಮಾಡೆಲ್‌ಗೆ ಬರೆದ ಪ್ರೋಗ್ರಾಮ್ ಇನ್ನೊಂದರಲ್ಲಿ ಓಡುತ್ತದೆ ಅನ್ನುವ ಭರವಸೆ ಇರಲಿಲ್ಲ. ಇಲ್ಲಿ ಚಿಕ್ಕ ಯಂತ್ರದಿಂದ ದೊಡ್ಡ ಯಂತ್ರದವರೆಗೆ ಎಲ್ಲವೂ ಒಂದೇ ಕುಟುಂಬ. ಅದನ್ನೆಲ್ಲ ನಡೆಸೋಕೆ ಒಂದು ದೊಡ್ಡ ಆಪರೇಟಿಂಗ್ ಸಿಸ್ಟಮ್ ಬೇಕಿತ್ತು. ಅದರ ಹೆಸರು ಓಎಸ್/360. ಆ ಕೆಲಸದ ಹೊಣೆ ಹೊತ್ತವರು ಫ್ರೆಡ್ ಬ್ರೂಕ್ಸ್.

ಹಾರ್ಡ್‌ವೇರ್ ಬಂತು, ಜನ ಮುಗಿಬಿದ್ದು ಕೊಂಡರು. ಸಾಫ್ಟ್‌ವೇರ್ ಮಾತ್ರ ಬರಲೇ ಇಲ್ಲ. ತಡವಾಯಿತು. ಅಂದುಕೊಂಡದ್ದಕ್ಕಿಂತ ಹೆಚ್ಚು ಮೆಮೊರಿ ತಿಂದಿತು. ಖರ್ಚು ಅಂದಾಜಿನ ಹಲವು ಪಟ್ಟಾಯಿತು. ಮೊದಲ ಬಿಡುಗಡೆಯ ನಂತರ ಇನ್ನೂ ಹಲವು ಬಿಡುಗಡೆಗಳಾಗುವವರೆಗೆ ಸರಿಯಾಗಿ ಓಡಲಿಲ್ಲ. ಒಂದು ಹಂತದಲ್ಲಿ 1,000ಕ್ಕೂ ಹೆಚ್ಚು ಜನ ಅದರ ಮೇಲೆ ಕೆಲಸ ಮಾಡುತ್ತಿದ್ದರು. 1963ರಿಂದ 1966ರವರೆಗೆ ಸುಮಾರು 5,000 ‘ಮಾನವ ವರ್ಷ’ದಷ್ಟು ಶ್ರಮ ಹೋಯಿತು. ಅಂದ್ರೆ 5,000 ಜನ ಒಂದು ವರ್ಷ ದುಡಿದಷ್ಟು.

ನನ್ನಂಥ ಕಾಮರ್ಸ್ ಹುಡುಗರಿಗೆ ಇಷ್ಟವಾಗುವ ಒಂದು ವಿವರ ಇದೆ. 1966ರ ಒಂದೇ ವರ್ಷದ ಸಾಫ್ಟ್‌ವೇರ್ ಖರ್ಚು 4 ಕೋಟಿ ಡಾಲರ್ ಅಂತ ಮೊದಲು ಅಂದಾಜಿತ್ತು. ಕೆಲವು ತಿಂಗಳ ನಂತರ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಜೂನಿಯರ್ ಒಬ್ಬರನ್ನು ಕೇಳಿದರೆ 5 ಕೋಟಿ ಅಂದರು. ಮರುದಿನ ಪ್ರೋಗ್ರಾಮಿಂಗ್ ನೋಡಿಕೊಳ್ಳುವವರನ್ನೇ ಹಿಡಿದು ಕೇಳಿದರೆ, 6 ಕೋಟಿ! ಒಂದೇ ದಿನದಲ್ಲಿ 1 ಕೋಟಿ ಡಾಲರ್ ಏರಿತು. ಮನೆ ಕಟ್ಟಿಸಿದವರಿಗೆ ಈ ಅನುಭವ ಹೊಸದಲ್ಲ ಬಿಡಿ.

ಬ್ರೂಕ್ಸ್ ಐಬಿಎಂ ಬಿಟ್ಟು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಪಾಠ ಹೇಳೋಕೆ ಹೋದರು. ಆದರೆ ‘ಎಲ್ಲಿ ಎಡವಿದೆವು?’ ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ. ಅದಕ್ಕೆ ಉತ್ತರವಾಗಿ 1975ರಲ್ಲಿ ಬಂದ ಪುಸ್ತಕ ‘ದಿ ಮಿಥಿಕಲ್ ಮ್ಯಾನ್-ಮಂತ್’.

ಅದರಲ್ಲಿ ಅವರು ಒಂದು ಪ್ರಾಜೆಕ್ಟ್‌ನ ಸಮಯವನ್ನು ಹೀಗೆ ಹಂಚುತ್ತಾರೆ: ಮೂರನೇ ಒಂದು ಭಾಗ ಯೋಜನೆಗೆ. ಆರನೇ ಒಂದು ಭಾಗ ಕೋಡಿಂಗ್‌ಗೆ. ಕಾಲು ಭಾಗ ಬಿಡಿ ಭಾಗಗಳ ಪರೀಕ್ಷೆ ಮತ್ತು ಆರಂಭದ ಸಿಸ್ಟಮ್ ಪರೀಕ್ಷೆಗೆ. ಉಳಿದ ಕಾಲು ಭಾಗ ಎಲ್ಲ ಭಾಗಗಳೂ ಕೈಗೆ ಬಂದ ಮೇಲೆ ಇಡೀ ಸಿಸ್ಟಮ್‌ನ ಪರೀಕ್ಷೆಗೆ. ಲೆಕ್ಕ ಹಾಕಿ ನೋಡಿ, ಅರ್ಧ ಸಮಯ ಟೆಸ್ಟಿಂಗ್‌ಗೇ ಹೋಯ್ತು! ಕೋಡಿಂಗ್‌ಗೆ ಸಿಕ್ಕಿದ್ದು ಅದರ ಮೂರನೇ ಒಂದು ಪಾಲು.

ಅವರು ಗಮನಿಸಿದ ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯ ಅನ್ಸುತ್ತೆ. ಪ್ಲಾನ್ ಮಾಡುವಾಗ ಟೆಸ್ಟಿಂಗ್‌ಗೆ ಅರ್ಧ ಸಮಯ ಬರೆದುಕೊಳ್ಳುತ್ತಿದ್ದವರು ತೀರಾ ಕಡಿಮೆ. ಆದರೆ ಕೊನೆಗೆ ಹೆಚ್ಚಿನ ಪ್ರಾಜೆಕ್ಟ್‌ಗಳಲ್ಲಿ ಅರ್ಧ ಸಮಯ ಅದಕ್ಕೇ ಹೋಗಿರುತ್ತಿತ್ತು. ಬರೆದರೂ ಅಷ್ಟೇ, ಬರೆಯದಿದ್ದರೂ ಅಷ್ಟೇ, ಆ ಸಮಯ ಹೋಗೇ ಹೋಗುತ್ತೆ. ವ್ಯತ್ಯಾಸ ಒಂದೇ: ಬರೆದಿದ್ದರೆ ಮೊದಲೇ ಗೊತ್ತಿರುತ್ತೆ. ಬರೆಯದಿದ್ದರೆ ಡೆಲಿವರಿ ದಿನದ ಹಿಂದಿನ ವಾರ ಗೊತ್ತಾಗುತ್ತೆ. ಟೆಸ್ಟಿಂಗ್ ಸಾಲಿನ ಕೊನೆಯಲ್ಲಿ ಬರೋದ್ರಿಂದ, ಮುಂದಿನವರ ತಡವೆಲ್ಲ ಅದರ ತಲೆಗೇ ಬಂದು ಕೂರುತ್ತೆ. ಪಂಕ್ತಿ ಊಟದಲ್ಲಿ ಕೊನೆಗೆ ಕೂತವರಿಗೆ ಪಾಯಸ ಸಾಲದ ಹಾಗೆ.

ಮೂರು ಅಂಕಿ, ಒಂದು ತ್ರಿಕೋನ

ಸರಿ, ಟೆಸ್ಟಿಂಗ್‌ಗೆ ಯಾಕೆ ಅಷ್ಟು ಸಮಯ? ಇದನ್ನು ಚೆನ್ನಾಗಿ ತೋರಿಸಿದವರು ಐಬಿಎಂನವರೇ ಆದ ಗ್ಲೆನ್‌ಫೋರ್ಡ್ ಮೈಯರ್ಸ್. 1979ರಲ್ಲಿ ಅವರ ‘ದಿ ಆರ್ಟ್ ಆಫ್ ಸಾಫ್ಟ್‌ವೇರ್ ಟೆಸ್ಟಿಂಗ್’ ಬಂತು. ಪುಸ್ತಕದ ಆರಂಭದಲ್ಲೇ ಓದುಗರಿಗೆ ಒಂದು ಪರೀಕ್ಷೆ. ಪುಟ್ಟ ಪ್ರೋಗ್ರಾಮ್ ಒಂದಿದೆ. ಅದಕ್ಕೆ ಮೂರು ಪೂರ್ಣಾಂಕ ಕೊಡಬೇಕು. ಅವು ಒಂದು ತ್ರಿಕೋನದ ಮೂರು ಬದಿಗಳು. ಮೂರೂ ಬದಿ ಸಮವೇ, ಎರಡು ಸಮವೇ, ಎಲ್ಲವೂ ಬೇರೆಬೇರೆಯೇ ಅಂತ ಅದು ಹೇಳುತ್ತೆ. ಇದನ್ನು ಪರೀಕ್ಷಿಸೋಕೆ ಏನೇನು ಕೊಟ್ಟು ನೋಡುತ್ತೀರಿ?

ಐದು ನಿಮಿಷದ ಕೆಲಸ ಅನ್ಸುತ್ತೆ ಅಲ್ವಾ? ಈಗ ಯೋಚನೆ ಮಾಡಿ. ಒಂದು ಬದಿ ಸೊನ್ನೆ ಇದ್ದರೆ? ಮೈನಸ್ ಇದ್ದರೆ? 1, 2, 3 ಕೊಟ್ಟರೆ? ಒಂದು ಮತ್ತು ಎರಡು ಕೂಡಿದರೆ ಮೂರೇ ಆಗೋದ್ರಿಂದ ಅದು ತ್ರಿಕೋನವೇ ಅಲ್ಲ, ಗೆರೆ. ಅದನ್ನೇ 3, 1, 2 ಅಂತ ಹಿಂದುಮುಂದು ಮಾಡಿ ಕೊಟ್ಟರೆ? ಎರಡೇ ಅಂಕಿ ಕೊಟ್ಟರೆ? ಹೀಗೆ ಮೈಯರ್ಸ್ 14 ಅಂಶಗಳ ಪಟ್ಟಿ ಕೊಡುತ್ತಾರೆ. ಅನುಭವಿ ಪ್ರೋಗ್ರಾಮರ್‌ಗಳಿಗೂ ಸರಾಸರಿ ಸಿಗುತ್ತಿದ್ದದ್ದು 14ಕ್ಕೆ 7.8 ಮಾತ್ರ ಅಂತ ಬರೆಯುತ್ತಾರೆ.

ಅಂದಾಜು ತಪ್ಪುವ ಮೊದಲ ಕಾರಣ ಇಲ್ಲೇ ಇದೆ. ಏನೇನು ನೋಡಬೇಕು ಅನ್ನುವ ಪಟ್ಟಿಯೇ ಅರ್ಧ ಇದ್ದರೆ, ಆ ಪಟ್ಟಿಯನ್ನು 15 ನಿಮಿಷದಿಂದ ಗುಣಿಸಿ ಪ್ರಯೋಜನ ಏನು? ನನ್ನ 40 ಟೆಸ್ಟ್ ಕೇಸ್‌ನಲ್ಲಿ ‘ಅರ್ಧ ದಿನದ ರಜೆ’ಗೆ ಇದ್ದದ್ದು ಒಂದೇ ಒಂದು. ಅದೂ ಮೊದಲ ಸುತ್ತಿನಲ್ಲಿ ಪಾಸ್ ಆಗಿತ್ತು. ಬೇರೆ ಬಗ್ ಸರಿಪಡಿಸುವಾಗ ಅದು ಮುರಿದುಹೋಗಿತ್ತು, ನಾವು ಮತ್ತೆ ನೋಡಿರಲಿಲ್ಲ.

ಬಿ.ಕಾಂ. ಓದಿದವರಿಗೆ ಇದು ಬೇಗ ಅರ್ಥ ಆಗಬೇಕಿತ್ತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ. ರಾಮಣ್ಣನ ಖಾತೆಗೆ ಹಾಕಬೇಕಾದ್ದನ್ನು ಸೋಮಣ್ಣನ ಖಾತೆಗೆ ಹಾಕಿದರೂ ಟ್ಯಾಲಿ ಆಗುತ್ತೆ. ಅದನ್ನು ಹುಡುಕೋದಕ್ಕೇ ಆಡಿಟ್. ಒಂದು ತಪ್ಪು ಸಿಕ್ಕಿ ತಿದ್ದಿದರೆ, ಅದರಿಂದ ಇನ್ನೇನು ಬದಲಾಯ್ತು ಅಂತ ಮತ್ತೆ ನೋಡಬೇಕು. ಟೆಸ್ಟಿಂಗ್‌ನಲ್ಲೂ ಸಮಯ ತಿನ್ನೋದು ಮೊದಲ ಸುತ್ತಲ್ಲ, ಈ ಓಡಾಟ.

‘ಇನ್ನಿಬ್ಬರನ್ನ ಕೊಡ್ತೀನಿ’

ಕೆಲಸ ತಡವಾದಾಗ ಬರುವ ಮೊದಲ ಪರಿಹಾರ ಇದೇ: ‘ಇನ್ನಿಬ್ಬರನ್ನ ಕೊಡ್ತೀನಿ, ಮುಗಿಸಿ.’ ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತೆ ಅಂತ ಬ್ರೂಕ್ಸ್ ಅದೇ ಪುಸ್ತಕದಲ್ಲಿ ಎಚ್ಚರಿಸಿದರು. ಇವತ್ತು ಅದಕ್ಕೆ ‘ಬ್ರೂಕ್ಸ್ ನಿಯಮ’ ಅಂತಲೇ ಹೆಸರು. ಕಾರಣ ಸರಳ. ಹೊಸಬರಿಗೆ ಹಳಬರೇ ಕಲಿಸಬೇಕು, ಆಗ ಹಳಬರ ಕೆಲಸ ನಿಲ್ಲುತ್ತೆ. ಜೊತೆಗೆ ಮಾತುಕತೆ ಹೆಚ್ಚುತ್ತೆ. 5 ಜನರ ತಂಡದಲ್ಲಿ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು 10. ಜನ 10 ಆದರೆ ಜೋಡಿಗಳು 45. ಜನ ಎರಡು ಪಟ್ಟಾದರು, ಮಾತು ನಾಲ್ಕೂವರೆ ಪಟ್ಟಾಯಿತು.

ಅದಕ್ಕೇ ‘ಒಬ್ಬರಿಗೆ 10 ದಿನ ಅಂದ್ರೆ ಇಬ್ಬರಿಗೆ 5 ದಿನ’ ಅನ್ನುವ ಶಾಲೆಯ ಲೆಕ್ಕ ಇಲ್ಲಿ ನಡೆಯಲ್ಲ. ಶ್ರಮ ಬೇರೆ, ಸಮಯ ಬೇರೆ. ಟೆಸ್ಟ್ ಸರ್ವರ್ ಒಂದೇ ಇದ್ದರೆ ಇನ್ನೊಬ್ಬ ಟೆಸ್ಟರ್ ಬಂದು ನನ್ನ ಪಕ್ಕ ಕೂತು ಕಾಯಬಹುದು, ಅಷ್ಟೇ.

ಅಂದಾಜು ಮಾಡುವುದನ್ನು ಕಲಿತದ್ದು ಹೇಗೆ?

ಹಾಗಾದ್ರೆ ಸರಿಯಾದ ಅಂದಾಜು ಹೇಗೆ? ಇದಕ್ಕೆ ದಾರಿಗಳು ಸಾಫ್ಟ್‌ವೇರ್‌ನ ಹೊರಗಿನಿಂದಲೂ ಬಂದವು.

ಒಂದು, ಅಮೆರಿಕದ ನೌಕಾಪಡೆಯಿಂದ. 1950ರ ದಶಕದ ಕೊನೆಯಲ್ಲಿ ಅವರು ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿ ತಯಾರಿಸುತ್ತಿದ್ದರು. ಹಿಂದೆ ಯಾರೂ ಮಾಡದ ಕೆಲಸಕ್ಕೆ ಎಷ್ಟು ದಿನ ಅಂತ ಯಾರು ಹೇಳ್ತಾರೆ? 1958ರಲ್ಲಿ ‘ಪರ್ಟ್’ ಎಂಬ ಪದ್ಧತಿ ಬಂತು. ಒಂದೇ ಸಂಖ್ಯೆ ಕೇಳಬೇಡಿ, ಮೂರು ಕೇಳಿ ಅನ್ನುತ್ತೆ ಅದು. ಎಲ್ಲ ಸರಿಹೋದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ಸಾಮಾನ್ಯದ್ದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿ, ಆರರಿಂದ ಭಾಗಿಸಿ. ನನ್ನ ಕೆಲಸಕ್ಕೇ ಹಾಕೋಣ: 3, 8, 13. ಎಂಟು ನಾಲ್ಕಲಿ 32, ಅದಕ್ಕೆ 3 ಮತ್ತು 13 ಕೂಡಿದರೆ 48, ಭಾಗಿಸು ಆರು, 8 ದಿನ. ನಾನು ಹೇಳಿದ ‘3’ ಇತ್ತಲ್ಲ, ಅದು ಅಂದಾಜೇ ಅಲ್ಲ. ಎಲ್ಲವೂ ಸರಿಹೋದರೆ ಮಾತ್ರ ಸಿಗುವ ಸಂಖ್ಯೆ ಅದು.

ಎರಡನೆಯದು, ರ‍್ಯಾಂಡ್ ಸಂಸ್ಥೆಯಲ್ಲಿ ಹುಟ್ಟಿದ ‘ಡೆಲ್ಫಿ’ ಪದ್ಧತಿ. ಅದನ್ನು 1970ರ ದಶಕದಲ್ಲಿ ಸಾಫ್ಟ್‌ವೇರ್‌ಗೆ ಒಗ್ಗಿಸಿದವರಲ್ಲಿ ಮುಖ್ಯರು ಬ್ಯಾರಿ ಬೋಮ್. ತಂಡದ ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಹೆಸರಿಲ್ಲದೆ, ಬೇರೆಯಾಗಿ ಚೀಟಿಯಲ್ಲಿ ಬರೆಯುತ್ತಾರೆ. ಆಮೇಲೆ ಎಲ್ಲವನ್ನೂ ಮುಂದಿಟ್ಟು, ಎಲ್ಲಿ ಯಾಕೆ ವ್ಯತ್ಯಾಸ ಅಂತ ಮಾತಾಡಿ, ಮತ್ತೆ ಬರೆಯುತ್ತಾರೆ. ಗುಟ್ಟಾಗಿ ಯಾಕೆ? ಸೀನಿಯರ್ ಒಬ್ಬರು ‘ಎರಡು ದಿನ ಸಾಕಲ್ವಾ?’ ಅಂದುಬಿಟ್ಟರೆ, ‘ಎಂಟು’ ಅನ್ನಬೇಕು ಅಂದುಕೊಂಡಿದ್ದ ಜೂನಿಯರ್ ‘ಮೂರು’ ಅನ್ನುತ್ತಾನೆ. ಇವತ್ತು ಅಜೈಲ್ ತಂಡಗಳು ಇಸ್ಪೀಟ್ ಎಲೆಯಂಥ ಕಾರ್ಡ್ ಹಿಡಿದು ಎಲ್ಲರೂ ಒಟ್ಟಿಗೆ ತೋರಿಸೋದು, ಅದೇ ಪ್ಲಾನಿಂಗ್ ಪೋಕರ್, ಈ ಪದ್ಧತಿಯ ಸಂಬಂಧಿಯೇ.

ಮೂರನೆಯದು ಮನಶ್ಶಾಸ್ತ್ರದಿಂದ. 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ‘ಪ್ಲಾನಿಂಗ್ ಫ್ಯಾಲಸಿ’ ಅನ್ನುವ ಹೆಸರು ಕೊಟ್ಟರು. ನಮ್ಮ ಕೆಲಸದ ಬಗ್ಗೆ ಯೋಚಿಸುವಾಗ ಹಿಂದಿನ ಕೆಲಸಗಳು ಎಷ್ಟು ಹಿಡಿದವು ಅನ್ನೋದನ್ನ ನಾವು ಮರೆತೇಬಿಡುತ್ತೇವೆ. 1994ರಲ್ಲಿ ಕೆನಡಾದ ಸಂಶೋಧಕರು ಕೊನೆಯ ವರ್ಷದ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಮುಗಿಸೋಕೆ ಎಷ್ಟು ದಿನ ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲ ಕೆಟ್ಟರೆ? ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ನೋಡಿ, ‘ಎಲ್ಲ ಕೆಟ್ಟರೆ’ ಅನ್ನುವ ಅಂದಾಜನ್ನೂ ನಿಜ ಮೀರಿಸಿತು!

ಅದಕ್ಕೆ ಪರಿಹಾರ ಹಳೆಯ ಲೆಕ್ಕದ ಪುಸ್ತಕ. ಹೋದ ಸಲ ಎಷ್ಟು ಹಿಡಿಯಿತು, ಅದಕ್ಕೂ ಹಿಂದಿನ ಸಲ ಎಷ್ಟು? ಮನಸ್ಸನ್ನು ಕೇಳಬೇಡಿ, ಪುಸ್ತಕವನ್ನು ಕೇಳಿ.

ಮುಂದೂಡಲಾಗದ ದಿನ

ಈಗ ಕಷ್ಟದ ಪ್ರಶ್ನೆ. ಅಂದಾಜು ಸರಿಯಾಗೇ ಮಾಡಿದಿರಿ, 11 ದಿನ ಅಂತ ಗೊತ್ತಾಯ್ತು. ಆದರೆ ಇರೋದೇ 5 ದಿನ. ಆಗ?

ಇತಿಹಾಸದಲ್ಲಿ ಇದಕ್ಕೆ ಅತಿ ದೊಡ್ಡ ಉದಾಹರಣೆ ವೈಟುಕೆ. ನಿಮ್ಮಲ್ಲಿ ಹಲವರು ಆಗ ಹುಟ್ಟೇ ಇರಲಿಲ್ಲ. 1960-70ರ ದಶಕದಲ್ಲಿ ಮೆಮೊರಿ ದುಬಾರಿ. ಹಾಗಾಗಿ ಎಷ್ಟೋ ಪ್ರೋಗ್ರಾಮ್‌ಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು, 1975 ಅಂದ್ರೆ 75. ಸರಿ, 2000 ಬಂದಾಗ? 00. ಅದು 1900 ಅಂತ ಕಂಪ್ಯೂಟರ್ ಅಂದುಕೊಂಡರೆ ಬಡ್ಡಿ, ಪಿಂಚಣಿ, ವಯಸ್ಸು ಎಲ್ಲ ಲೆಕ್ಕವೂ ತಲೆಕೆಳಗು.

ಬದಲಾವಣೆ ಪುಟ್ಟದು, ಎರಡಂಕಿ ಹೋಗಿ ನಾಲ್ಕಂಕಿ. ಟೆಸ್ಟಿಂಗ್ ಮಾತ್ರ ಬೆಟ್ಟದಷ್ಟು. ದಿನಾಂಕ ಎಲ್ಲೆಲ್ಲಿ ಬಳಕೆಯಾಗಿದೆಯೋ ಅಲ್ಲೆಲ್ಲ ನೋಡಬೇಕು. 1999ರ ಡಿಸೆಂಬರ್ 31, 2000ದ ಜನವರಿ 1 ಮಾತ್ರ ಅಲ್ಲ, ಫೆಬ್ರವರಿ 29 ಕೂಡ. 100ರಿಂದ ಭಾಗವಾಗುವ ವರ್ಷ ಸಾಮಾನ್ಯವಾಗಿ ಅಧಿಕ ವರ್ಷವಲ್ಲ, ಆದರೆ 400ರಿಂದ ಭಾಗವಾದರೆ ಅಧಿಕ ವರ್ಷ. ಈ ಎರಡನೇ ನಿಯಮ ಮರೆತ ಪ್ರೋಗ್ರಾಮ್ ಅಲ್ಲೂ ಎಡವುತ್ತೆ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 1997ರಲ್ಲಿ ಕೊಟ್ಟ ಮಾರ್ಗದರ್ಶಿ, ಪರೀಕ್ಷೆಗೆ ಒಂದು ವರ್ಷಕ್ಕೂ ಹೆಚ್ಚು ಸಮಯ ಬೇಕಾಗಬಹುದು, ಹಣ ಮತ್ತು ಸಂಪನ್ಮೂಲದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗಬಹುದು ಅಂತ ಎಚ್ಚರಿಸಿತು. ಬ್ರೂಕ್ಸ್ ಹೇಳಿದ್ದ ‘ಅರ್ಧ’ ಮತ್ತೆ ಬಂತು ನೋಡಿ. ಈ ಸಲ ಅದನ್ನು ಮೊದಲೇ ಬರೆದಿಟ್ಟಿದ್ದರು.

ಡೆಡ್‌ಲೈನ್ ಮುಂದೂಡುವ ಹಾಗಿರಲಿಲ್ಲ. ಯಾವ ಮ್ಯಾನೇಜರ್ ಕೂಡ ಜನವರಿ 1ನ್ನು ಮಾರ್ಚ್‌ಗೆ ತಳ್ಳೋಕಾಗಲ್ಲ. ಹಾಗಾಗಿ ಬದಲಿಸಿದ್ದು ದಿನವನ್ನಲ್ಲ, ಪಟ್ಟಿಯನ್ನು. ಯಾವ ಸಿಸ್ಟಮ್ ನಿಂತರೆ ಜನರಿಗೆ ತೊಂದರೆ, ಅದು ಮೊದಲು. ಯಾವುದು ಎರಡು ದಿನ ನಿಂತರೂ ನಡೆಯುತ್ತೆ, ಅದು ಆಮೇಲೆ. ಯಾವುದು ಬೇಡವೇ ಬೇಡ, ಅದನ್ನು ಮುಚ್ಚಿ. ಅಮೆರಿಕ ಸರ್ಕಾರ ತನ್ನ ಇಲಾಖೆಗಳ ಮುಖ್ಯ ಸಿಸ್ಟಮ್‌ಗಳಿಗೆ ಇಟ್ಟ ಗಡುವು 1999ರ ಮಾರ್ಚ್. ಅಂದ್ರೆ ಒಂಬತ್ತು ತಿಂಗಳು ಮೊದಲೇ.

ನಮ್ಮ ಬೆಂಗಳೂರಿನ ಕಥೆ ಸೇರೋದು ಇಲ್ಲೇ. ಆ ಹಳೆಯ ಕೋಬಾಲ್ ಕೋಡ್ ತಿದ್ದುವ, ಪರೀಕ್ಷಿಸುವ ಕೆಲಸದ ದೊಡ್ಡ ಪಾಲು ಭಾರತದ ಕಂಪನಿಗಳಿಗೆ, ಅದರಲ್ಲಿ ಬೆಂಗಳೂರಿನ ಕಂಪನಿಗಳಿಗೂ ಬಂತು. ವಿದೇಶದ ಗಿರಾಕಿಗಳ ವಿಶ್ವಾಸ ಗಳಿಸೋಕೆ ನೆರವಾದ ಕೆಲಸಗಳಲ್ಲಿ ಅದೂ ಒಂದು. ನ್ಯೂಯಾರ್ಕ್‌ನಲ್ಲಿ ಮಧ್ಯರಾತ್ರಿ 12 ಆದಾಗ ಬೆಂಗಳೂರಿನಲ್ಲಿ ಜನವರಿ 1ರ ಬೆಳಿಗ್ಗೆ 10:30. ಅಂದ್ರೆ ನಮ್ಮಲ್ಲಿ ಹೊಸ ವರ್ಷ ಹುಟ್ಟಿ ಹತ್ತೂವರೆ ಗಂಟೆ ಕಳೆದ ಮೇಲೆ ಅಲ್ಲಿನ ಸಿಸ್ಟಮ್‌ಗಳ ಪರೀಕ್ಷೆ.

ದೊಡ್ಡ ಅನಾಹುತ ಏನೂ ಆಗಲಿಲ್ಲ. ಆಗ ಜನ ಏನಂದರು ಗೊತ್ತಾ? ‘ಸುಮ್ಮನೆ ಗಲಾಟೆ ಮಾಡಿದರು.’ ಟೆಸ್ಟರ್‌ನ ಹಣೆಬರಹ ಇದು. ಕೆಲಸ ಕೆಟ್ಟರೆ ಅವನ ತಪ್ಪು, ಸರಿಹೋದರೆ ಅವನ ಅಗತ್ಯವೇ ಇರಲಿಲ್ಲ!

ನಾನು ಏನು ಹೇಳಬೇಕಿತ್ತು

ಆ ಫೋನ್ ಕರೆಯ ನಂತರ ನಾನು ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಕೆಲಸಕ್ಕೂ ನಾಲ್ಕು ಕಾಲಂ: ಕಾಯ್ದ ದಿನ, ಪರೀಕ್ಷೆ ಮಾಡಿದ ದಿನ, ಮರುಪರೀಕ್ಷೆಯ ದಿನ, ಎಷ್ಟು ಸುತ್ತು. ಐದಾರು ಕೆಲಸ ಆಗುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯಿತು. ನಾನು ‘ಟೆಸ್ಟಿಂಗ್’ ಅಂತ ಲೆಕ್ಕ ಹಾಕುತ್ತಿದ್ದದ್ದು ಎರಡನೇ ಕಾಲಂ ಮಾತ್ರ. ಉಳಿದ ಮೂರು ನನ್ನ ಅಂದಾಜಿನಲ್ಲಿ ಇರಲೇ ಇಲ್ಲ.

ಮುಂದೆ ಒಂದು ಸಲ ಅದೇ ಮ್ಯಾನೇಜರ್ ಬಂದು ಅದೇ ಪ್ರಶ್ನೆ ಕೇಳಿದರು. “8ರಿಂದ 13 ದಿನ ಸರ್” ಅಂದೆ.

“ಅಷ್ಟೊಂದಾ? ನನ್ನ ಹತ್ರ ಇರೋದೇ ಐದು ದಿನ ಕಣಪ್ಪಾ.”

ಕೈ ಸ್ವಲ್ಪ ನಡುಗುತ್ತಿತ್ತು, ಸುಳ್ಳು ಹೇಳಲ್ಲ. ನೋಟ್‌ಬುಕ್ ತೆಗೆದು ತೋರಿಸಿದೆ. “ಐದು ದಿನದಲ್ಲಿ ಸಂಬಳ, ಪಿಎಫ್ ಎರಡನ್ನೂ ಪೂರ್ತಿ ನೋಡ್ತೀನಿ ಸರ್. ಬೋನಸ್, ಓವರ್‌ಟೈಮ್ ನೋಡೋಕಾಗಲ್ಲ. ನೋಡಿಲ್ಲ ಅಂತ ಬರೆದು ಮೇಲ್ ಹಾಕ್ತೀನಿ. ನೀವು ಹೇಳಿ, ಏನ್ ಮಾಡೋಣ.”

ಅವರಿಗೆ ಖುಷಿ ಏನೂ ಆಗಲಿಲ್ಲ. ಒಂದು ನಿಮಿಷ ಸುಮ್ಮನಿದ್ದು, “ಏಳು ದಿನ ತಗೋ. ಓವರ್‌ಟೈಮ್ ಸೇರಿಸು. ಬೋನಸ್ ಮುಂದಿನ ತಿಂಗಳು ಬಿಡೋಣ” ಅಂದು ಹೋದರು. ಹೋರಾಟ ಗೆದ್ದೆ ಅಂತ ಅನ್ನಿಸಲಿಲ್ಲ. ಆದರೆ ಆ ತಿಂಗಳು ಸಪೋರ್ಟ್ ಟೀಮ್‌ಗೆ ಬಾಡಿಗೆಯ ವಿಷಯಕ್ಕೆ ಯಾರೂ ಫೋನ್ ಮಾಡಲಿಲ್ಲ.

ನಾನು ಈಗ ಆ ಕೆಲಸದಲ್ಲಿಲ್ಲ, ನಿಮ್ಮ ಕಿವಿಯಲ್ಲಿದ್ದೇನೆ. ಆದರೂ ನಾಳೆ ನಿಮ್ಮನ್ನ ಯಾರಾದರೂ ‘ಎಷ್ಟು ದಿನ ಬೇಕು?’ ಅಂದ್ರೆ, ತಕ್ಷಣ ಬಾಯಿಗೆ ಬರುವ ಸಂಖ್ಯೆಯನ್ನು ಹೇಳಬೇಡಿ. ಅದು ಎಲ್ಲ ಸರಿಹೋದ ದಿನದ ಸಂಖ್ಯೆ. ‘ಮಧ್ಯಾಹ್ನ ಹೇಳ್ತೀನಿ ಸರ್’ ಅನ್ನಿ. ಕಾಯುವ ದಿನ ಸೇರಿಸಿ, ಮರುಪರೀಕ್ಷೆ ಸೇರಿಸಿ, ಹೋದ ಸಲದ್ದು ತೆಗೆದು ನೋಡಿ. ಒಂದರ ಬದಲು ಎರಡು ಸಂಖ್ಯೆ ಹೇಳಿ. ದಿನ ಕಡಿಮೆ ಇದ್ದರೆ ಏನು ನೋಡಲ್ಲ ಅನ್ನೋದನ್ನೂ ಬರೆದುಕೊಡಿ.

ಬ್ರೂಕ್ಸ್ 2022ರ ನವೆಂಬರ್‌ನಲ್ಲಿ ತೀರಿಕೊಂಡರು. ತನ್ನ ಅಂದಾಜು ತಪ್ಪಿದ್ದನ್ನು ಮುಚ್ಚಿಡದೆ ಪುಸ್ತಕ ಬರೆದ ಮನುಷ್ಯ. ನಿಮ್ಮ ಅಂದಾಜು ತಪ್ಪಿದ ಕಥೆ ಇದ್ದರೆ ನನಗೂ ಒಂದು ವಾಯ್ಸ್ ನೋಟ್ ಕಳಿಸಿ. ಎಷ್ಟು ದಿನ ಅಂದಿದ್ರಿ, ಎಷ್ಟು ದಿನ ಹಿಡೀತು, ಎರಡನ್ನೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.